ಸತ್ತವರ ಬಗ್ಗೆ ಒಂದು ನಿಜ

ಮಂತ್ರ ಬೇಡವೆಂದ ಮನೆಯಲ್ಲಿ ಸಾವಾದರೆ ಸೊಲ್ಲಾಪುರದಲ್ಲಿ ನನ್ನನ್ನು ಕರೆಯುತ್ತಿದ್ದರು. ಕರೆದಲ್ಲೆಲ್ಲ ಏನಾದರೊಂದು ಆಗುತ್ತಿತ್ತು. ಸಾವಿರದ ಒಂಬೈನೂರ ಎಪ್ಪತ್ತೈದರ ಆಸುಪಾಸು. ಆಗಷ್ಟೇ ಬಿ.ಎಸ್ಸಿ. ಮುಗಿಸಿ ಕಾಲೇಜಿನ ಪ್ರಯೋಗಶಾಲೆಯಲ್ಲಿ ಕೆಲಸಕ್ಕಿದ್ದೆ. ಪುರೋಹಿತರನ್ನು ಕರೆಯಬೇಡಿ ಎಂದು ಹೇಳಿ ಸತ್ತ ನೆರೆಮನೆಯವರೊಬ್ಬರ ಚಿತೆಯ ಮುಂದೆ ನಾಲ್ಕು ಮಾತಾಡಿದೆ. ಅಂದಿನಿಂದ ಈ ಕೆಲಸ ನನ್ನ ಕೊರಳಿಗೆ ಬಿತ್ತು. ನನ್ನ ಕ್ರಮ ಒಂದೇ: ಮನೆಯವರಿಂದ ಸತ್ತವರ ಬಗ್ಗೆ ಒಂದು ನಿಜ ತಿಳಿದುಕೊಳ್ಳುವುದು, ಅದನ್ನಷ್ಟೇ ಹೇಳುವುದು.

ಸಿಟ್ಟು

ಸತ್ತವರು ಬಟ್ಟೆ ವ್ಯಾಪಾರಿ. ಅಪ್ಪನ ಬಗ್ಗೆ ಏನು ಹೇಳಲಿ ಎಂದು ಮಕ್ಕಳನ್ನು ಕೇಳಿದೆ. ಬಹಳ ಹೊತ್ತು ಯೋಚಿಸಿ, ಗಿರಾಕಿ ಎಷ್ಟೇ ಸತಾಯಿಸಿದರೂ ಅಪ್ಪ ಸಿಟ್ಟಿಗೇಳುತ್ತಿರಲಿಲ್ಲ ಎಂದರು. ಅದನ್ನೇ ಹೇಳಿದೆ. ಅಂಗಡಿಯ ಮುದಿ ಗುಮಾಸ್ತ ಬಿಕ್ಕಿ ಬಿಕ್ಕಿ ಅತ್ತ. ಮಾತು ಮುಟ್ಟಿತು ಎಂದುಕೊಂಡು ಸಮಾಧಾನ ಮಾಡಲು ಹೋದೆ.

"ಖರೇ ಅದ, ಸರ್," ಎಂದ. "ಗಿರಾಕಿ ಹೋಗೂತನಾ ಸಿಟ್ಟು ತಡಕೋತಿದ್ದರು. ಆಮ್ಯಾಲೆ ಎಲ್ಲಾ ನನ್ನ ಮ್ಯಾಲೇ."

ಇಬ್ಬರು ಮಕ್ಕಳು

ಸೊಲ್ಲಾಪುರದ ಹತ್ತಿರದ ಕುಂಭಾರಿಯಲ್ಲಿ ಜಮೀನುದಾರರೊಬ್ಬರು ತೀರಿಕೊಂಡರು. ಬಾವಿಯ ನೀರಿನ ಸಲುವಾಗಿ ಮಾತು ಬಿಟ್ಟ ಇಬ್ಬರು ಮಕ್ಕಳು. ಒಬ್ಬೊಬ್ಬನೇ ನನ್ನನ್ನು ಬದಿಗೆ ಕರೆದು, ಅಪ್ಪನಿಗೆ ತನ್ನ ಮೇಲೆಯೇ ಹೆಚ್ಚು ಜೀವ ಎಂದು ಹೇಳಬೇಕೆಂದ. ಇಬ್ಬರ ಮೇಲೂ ಒಂದೇ ಸಮ ಪ್ರೀತಿಯಿತ್ತು ಎಂದೆ. ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿದರು. ಎಷ್ಟೋ ವರ್ಷದ ಮೇಲೆ ಅಂದು ಅವರಿಬ್ಬರೂ ಒಂದು ಮಾತಿಗೆ ಒಪ್ಪಿದರು: ಇನ್ನು ಮುಂದೆ ನನ್ನನ್ನು ಕರೆಯಬಾರದು.

ಹೆಸರು

ಅಕ್ಕಲಕೋಟೆಯ ಹತ್ತಿರದ ಹಳ್ಳಿ. ಪಾಟೀಲರ ಹೆಂಡತಿ ಸತ್ತಿದ್ದಳು. ಪಾಟೀಲರಿಗೂ ಸಂಸ್ಕಾರ ಮಾಡಿಸುವ ಊರ ಅಯ್ಯನವರಿಗೂ ಜಗಳವಿದ್ದುದರಿಂದ ನನಗೆ ಕರೆ ಬಂತು.

ಆ ಕಡೆ ಮದುವೆಯಾಗಿ ಬಂದ ಹೆಣ್ಣಿಗೆ ಗಂಡನ ಮನೆಯಲ್ಲಿ ಬೇರೆ ಹೆಸರಿಡುವುದು ರೂಢಿ. ಏನು ಹೇಳಲಿ ಎಂದು ಮಗಳನ್ನು ಕೇಳಿದೆ. ಅವಳು ಹೊಗಳಿಕೆ ಕೇಳಲಿಲ್ಲ.

"ಅವ್ವನ ತವರಮನಿ ಹೆಸರು ತಾರಾಬಾಯಿ. ಈ ಮನ್ಯಾಗ ಯಾರೂ ಕರೀಲಿಲ್ಲ. ಮಣ್ಣು ಮಾಡೂಮುಂದ ಒಂದ ಸಲ ಹೇಳ್ರಿ, ಸರ್. ಆಮ್ಯಾಲೆ ಹೇಳಿದರ ಏನು ಉಪಯೋಗ?"

ಹೂಳಲು ತೋಡಿದ ಕುಣಿಯ ಮುಂದೆ ನಿಂತು, "ತಾರಾಬಾಯಿಯವರು" ಎಂದು ಸುರು ಮಾಡಿದೆ. ಪಾಟೀಲರು ಅಲ್ಲಿಗೇ ತಡೆದರು.

"ಯಾರ ಮಣ್ಣಿಗೆ ಬಂದೀರಿ, ಮಾಸ್ತರ? ಇಕಿ ಗಂಗಾಬಾಯಿ."

ಪಕ್ಕದ ಹೊಲದ ಮುದುಕನಿಗೆ ಗಾಬರಿಯಾಯಿತು. "ಗಂಗಾಬಾಯಿ ಸತ್ತು ಭಾಳ ವರ್ಷ ಆತಲ್ಲೋ, ಪಾಟೀಲ. ನಾನೇ ಹೆಗಲು ಕೊಟ್ಟೀನಿ."

ಗಂಡಸರ ಗುಂಪಿನಲ್ಲಿ ನಗೆ ಎದ್ದಿತು. ಪಾಟೀಲರು ಮುಖ ಗಂಟಿಕ್ಕಿ ವಿವರಿಸಬೇಕಾಯಿತು. ಮುದುಕ ಹೇಳಿದ ಗಂಗಾಬಾಯಿ ಅವರ ಮೊದಲ ಹೆಂಡತಿ. ಎರಡನೆಯವಳು ಬಂದಾಗ ಅವಳಿಗೂ ಅದೇ ಹೆಸರಿಟ್ಟರು.

"ಹಿತ್ತಾಳಿ ಭಾಂಡಿ ಮ್ಯಾಲೆಲ್ಲಾ ಗಂಗಾಬಾಯಿ ಅಂತ ಕೊರಸಿತ್ತು. ಅದನ್ನೆಲ್ಲಾ ಅಳಸೋರು ಯಾರು?"

ಇದು ಎಲ್ಲರಿಗೂ ಸರಿ ಎನಿಸಿತು. ಕೆಲವರು ತಲೆಯನ್ನೂ ಆಡಿಸಿದರು. ಮುದುಕನಿಗೆ ಮಾತ್ರ ಲೆಕ್ಕ ಹತ್ತಲಿಲ್ಲ.

"ಹಂಗಾರ ಆ ತಾರಾಬಾಯಿ ಅನ್ನಾಕಿ ಇಷ್ಟು ದಿನ ಎಲ್ಲಿದ್ದಳು?"

ನಾನು ಬಾಯಿ ತೆರೆಯುವ ಮೊದಲೇ ಮಗಳು ಹೆಂಗಸರ ನಡುವಿನಿಂದ ಮುಂದೆ ಬಂದು, ಮುಷ್ಟಿ ಮಣ್ಣು ತೆಗೆದುಕೊಂಡಳು.

"ಅಡಗಿಮನ್ಯಾಗ ಇದ್ದಳು, ಕಾಕಾ. ನೀವು ಬಂದಾಗೊಮ್ಮೆ ಚಾ ಕೊಟ್ಟಾಕಿ ಅಕೀನ."