ಬಾಲ್ಕನಿಯ ಬ್ಯಾಕ್ಟೀರಿಯಾ ಮತ್ತು ನನ್ನ ಮೂಗು

ತಾಳೆ ಎಣ್ಣೆ ಗಿರಣಿಯ ಕೊಳಕು ನೀರಿನಿಂದ ಗ್ಯಾಸ್ ತೆಗೆಯುವ ವಿಷಯದಲ್ಲಿ ಕೌಲಾಲಂಪುರದಲ್ಲಿ ನನಗಿಂತ ಹೆಚ್ಚು ತಿಳಿದವರಿಲ್ಲ ಎಂಬುದು ನನ್ನ ನಮ್ರ ಅಭಿಪ್ರಾಯವಾಗಿತ್ತು. ಮೈಸೂರಿನಿಂದ ಬಂದು ಇಲ್ಲಿನ ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುತ್ತೇನೆ. ಆ ನೀರು ತಿಂದು ಗ್ಯಾಸ್ ಬಿಡುವ ಬ್ಯಾಕ್ಟೀರಿಯಾಗಳನ್ನು ಎರಡು ವರ್ಷ ಲ್ಯಾಬಿನಲ್ಲಿ ಸಾಕಿದ್ದೆ. ಮತ್ತೆ ಲಾಕ್‌ಡೌನ್ ಆಗಿ ಲ್ಯಾಬಿಗೆ ಬೀಗ ಬಿತ್ತು. ಊಟವಿಲ್ಲದೆ ಅವು ಸತ್ತರೆ ನನ್ನ ಎರಡು ವರ್ಷ ನೀರುಪಾಲು. ಹಾಗಾಗಿ ಇಪ್ಪತ್ತು ಲೀಟರಿನ ಕ್ಯಾನಿಗೆ ಅವನ್ನು ತುಂಬಿಸಿ, ಜೊತೆಗೆ ಒಂದಿಷ್ಟು ಗಿರಣಿ ನೀರನ್ನೂ ಹೊತ್ತು, ಮಾಂಟ್ ಕಿಯಾರಾದ ಹದಿನಾಲ್ಕನೇ ಮಹಡಿಯ ನಮ್ಮ ಮನೆಗೆ ತಂದೆ.

"ರೀ, ವಾಸನೆ ಬಂದ ದಿನ ಇದು ಆಚೆ ಹೋಗತ್ತೆ. ಈಗ್ಲೇ ಹೇಳಿದೀನಿ," ಎಂದಳು ಹೆಂಡತಿ ಶೈಲಜಾ.

"ಚಾನ್ಸೇ ಇಲ್ಲ. ಸೀಲ್ ಮಾಡಿರೋದು ನಾನು."

ತುಳಸಿ ಕುಂಡದ ಪಕ್ಕ ಕ್ಯಾನಿನ ಪ್ರತಿಷ್ಠಾಪನೆಯಾಯಿತು. ಮುಚ್ಚಳಕ್ಕೊಂದು ನಳಿಕೆ, ಅದರ ತುದಿಗೆ ಗ್ಯಾಸ್ ತುಂಬುವ ಚೀಲ. ದಿನಕ್ಕೆ ಒಂದೇ ಲೋಟ ಊಟ. 'ಹೆಚ್ಚು ಉಣಿಸಬೇಡಿ' ಎಂಬುದು ನನ್ನ ಮೊದಲ ಪಾಠದ ಮೊದಲ ಸಾಲು. ಆದರೆ ಮನೆಯಲ್ಲಿ ಕೂತು ಕೂತು ಬೇಜಾರಾಗಿತ್ತು. ಚೀಲ ಬೇಗ ಉಬ್ಬಲಿ ಎಂದು ಎರಡು ಲೋಟ ಹಾಕಿದೆ. ಗಿರಣಿ ನೀರು ಮುಗಿದ ಮೇಲೆ ದೋಸೆ ಹಿಟ್ಟು ಸುರಿದೆ. ಮುಚ್ಚಳದ ಸುತ್ತ ನೊರೆ ಬಂತು. 'ಪ್ರಗತಿ' ಎಂದು ಡೈರಿಯಲ್ಲಿ ಬರೆದೆ.

ಮರುದಿನ ಬೆಳಿಗ್ಗೆ ಶೈಲಜಾ ಮೂಗಿಗೆ ಸೆರಗು ಹಿಡಿದು ಬಂದಳು. "ರೀ, ಗಬ್ಬು ನಾರ್ತಿದೆ."

ಮುಚ್ಚಳಕ್ಕೆ ಮೂಗು ತಾಗಿಸಿ ಉಸಿರೆಳೆದೆ. ಏನೂ ಇಲ್ಲ! "ನಿಂಗೆ ಭ್ರಮೆ," ಎಂದೆ.

ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ತಮಿಳು ಆಂಟಿ ಬಾಲ್ಕನಿಯಿಂದ ಇಣುಕಿದರು. "ಸಾರ್, ಎಲಿ ಸೆತ್ತುಪೋಚಾ? ವೆರಿ ಸ್ಮೆಲ್ಲಿ ಲಾ."

ಯಾವ ಇಲಿಯೂ ಸತ್ತಿಲ್ಲವೆಂದು ಅವರ ಎದುರಿಗೇ ಮತ್ತೊಮ್ಮೆ ಮೂಸಿ ತೋರಿಸಿದೆ. ಅವರು ಕಿಟಕಿ ಮುಚ್ಚಿಕೊಂಡರು. ಮಧ್ಯಾಹ್ನ ಕಟ್ಟಡದ ಆಫೀಸಿನಿಂದ ಫೋನು: ಸಂಜೆಯೊಳಗೆ ಆ ಕ್ಯಾನ್ ಕಟ್ಟಡ ಬಿಡಬೇಕು. ನನಗೆ ರೇಗಿತು. ಓದಿದವನ ಮಾತಿಗೆ ಬೆಲೆಯೇ ಇಲ್ಲವೇ? ಕಟ್ಟಡದ ವಾಟ್ಸಾಪ್ ಗುಂಪಿನಲ್ಲಿ ಉದ್ದದ ಉತ್ತರ ಬರೆದೆ. 'ಈ ವಿಷಯದ ಉಪನ್ಯಾಸಕನಾದ ನಾನು ಖುದ್ದಾಗಿ ಹತ್ತು ಸಲ ಮೂಸಿ, ವಾಸನೆ ಇಲ್ಲವೆಂದು ಈ ಮೂಲಕ ದೃಢಪಡಿಸುತ್ತೇನೆ.'

ಶೈಲಜಾ ಅದನ್ನು ಓದಿ, ಅಡುಗೆಮನೆಗೆ ಹೋಗಿ ಬಂದಳು. "ಕಣ್ಮುಚ್ಚಿ. ಇದೇನು ಹೇಳಿ."

ಮೂಸಿದೆ. "ಖಾಲಿ ಡಬ್ಬಿ."

ಕಣ್ಣು ಬಿಟ್ಟರೆ, ಇಂಗಿನ ಡಬ್ಬಿ.

ಕೋವಿಡ್ ಟೆಸ್ಟ್ ಕಿಟ್‌ನಲ್ಲಿ ನನಗೆ ಎರಡು ಗೆರೆ, ಅವಳಿಗೆ ಒಂದು. ನನ್ನ ಕೈಗೆ ಕ್ವಾರಂಟೈನಿನ ಗುಲಾಬಿ ಪಟ್ಟಿ ಬಂತು. ಮನೆಯಿಂದ ನಾವಿಬ್ಬರೂ ಹೊರಗೆ ಹೋಗುವಂತಿಲ್ಲ, ಕ್ಯಾನ್ ಒಯ್ಯಲು ಯಾರೂ ಒಳಗೆ ಬರುವಂತಿಲ್ಲ. ಬ್ಯಾಕ್ಟೀರಿಯಾಗಳು ಬಚಾವಾದವು. ನಾನು ಕೋಣೆ ಸೇರಿದೆ.

"ಅವಕ್ಕೆ ಊಟ?" ಎಂದು ಬಾಗಿಲ ಸಂದಿಯಿಂದ ಕೇಳಿದೆ. ನಿಜಕ್ಕೂ ಹೆದರಿದ್ದೆ.

"ಹೊಟ್ಟೆ ಕೆಟ್ಟಿದೆ ಅವಕ್ಕೆ, ಹುಳಿ ತೇಗು ಬರ್ತಿದೆ. ನಾಲ್ಕು ದಿನ ಉಪವಾಸ. ಆಮೇಲೆ ಅರ್ಧ ಲೋಟ ಗಂಜಿ. ನಿಮಗೂ ಗಂಜಿನೇ."

ಎಲೆಗೆ ಹಚ್ಚುವ ಸುಣ್ಣವನ್ನೂ ಒಂದಿಷ್ಟು ಕದಡಿ ಹಾಕಿದಳಂತೆ. ಹುಳಿ ತಿರುಗಿದ ಕ್ಯಾನಿಗೆ ಪಠ್ಯಪುಸ್ತಕದ ಚಿಕಿತ್ಸೆಯೇ ಅದು. ಅವಳು ಆ ಪುಸ್ತಕ ನೋಡಿಲ್ಲ, ನಾನು ನೋಡಿದ್ದೇನೆ. ನಾನು ಕೋಣೆಯಿಂದ ಹೊರಬರುವ ಹೊತ್ತಿಗೆ ವಾಸನೆ ಅಡಗಿ, ಚೀಲ ಉಬ್ಬಿ ನಿಂತಿತ್ತು. ನನ್ನ ಕೈಯಲ್ಲಿ ಅದು ಒಂದು ದಿನವೂ ಹಾಗೆ ಉಬ್ಬಿರಲಿಲ್ಲ.

ಮುಂದಿನ ಆನ್‌ಲೈನ್ ಕ್ಲಾಸಿನಲ್ಲಿ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: "ಸರ್, ಕ್ಯಾನ್ ಕೆಡ್ತಿದೆ ಅಂತ ಮೊದಲು ಗೊತ್ತಾಗೋದು ಹೇಗೆ?"

"ಅನುಭವಸ್ಥರು ಮೂಸಿದರೆ ಸಾಕು, ತಕ್ಷಣ ಗೊತ್ತಾಗುತ್ತದೆ," ಎಂದು ಗಂಭೀರವಾಗಿ ಹೇಳಿದೆ.

ಲ್ಯಾಪ್‌ಟಾಪಿನ ಹಿಂದೆ ನಿಂತಿದ್ದ ಶೈಲಜಾ ಇಂಗಿನ ಡಬ್ಬಿಯನ್ನು ಎತ್ತಿ ತೋರಿಸಿದಳು.