ರೋಬೋಟು ಮಾಡಿದರೆ ಗಂಟಲು ಕಟ್ಟುತ್ತದೆಯೇ?

ಅನುಮಾನ ಪಡುವುದು ನನ್ನ ಹುಟ್ಟುಗುಣ. ಹಾಲಿನವನ ಹಾಲನ್ನೂ, "ಏನೂ ಇಲ್ಲಮ್ಮ" ಅನ್ನುವ ಮಕ್ಕಳನ್ನೂ ನಾನು ಒಂದೇ ಸಲಕ್ಕೆ ನಂಬಿದವಳಲ್ಲ. ದೇವರನ್ನು ನಂಬುತ್ತೇನೆ, ಆದರೂ ದೀಪ ಹಚ್ಚಿ ಹೊರಬಂದ ಮೇಲೆ ಆರಿತೇನೋ ಎಂದು ಒಮ್ಮೆ ಇಣುಕುತ್ತೇನೆ.

ಮಗಳು ಶ್ರುತಿಗೆ ಇಂಜಿನಿಯರಿಂಗ್ ಕೊನೆಯ ವರ್ಷ, ಕಾಲೇಜಿನ ರೋಬೋಟ್ ತಂಡದಲ್ಲಿದ್ದಾಳೆ. ತಂಡದ ಮಕ್ಕಳು ಶಂಕರಪುರದ ನಮ್ಮ ಮನೆಗೆ ಬಂದರೆ ಉಗುರಿನ ಸಂದಿಯಲ್ಲೆಲ್ಲ ಗ್ರೀಸು. ನಮ್ಮವಳ ಕೈ ಆಗತಾನೇ ಅರಿಶಿನ ಕುಂಕುಮಕ್ಕೆ ಹೋಗಿಬಂದಂತೆ ಚೊಕ್ಕ; ಗಂಟಲು ಮಾತ್ರ ಕಟ್ಟಿರುತ್ತದೆ. ರೋಬೋಟನ್ನೇನು ಹೆಸರು ಹಿಡಿದು ಕೂಗುತ್ತಾರೆಯೇ? ಮೆಣಸಿನ ಕಷಾಯ ಕೊಟ್ಟು ಕೇಳಿದರೆ "ಟೀಮ್ ವರ್ಕ್ ಅಮ್ಮ" ಅಂದಳು. ಜಗಳವೋ, ಐಸ್‌ಕ್ರೀಮೋ, ಪ್ರೇಮವೋ? ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತದೆ, "ಪ್ರೇಮಕ್ಕೆ ಯಾರೂ ಅಷ್ಟು ಕಿರುಚಲ್ಲ ಕಣೇ. ಅದೆಲ್ಲ ಮದುವೆ ಆದ್ಮೇಲೆ" ಅಂದರು.

ಕೊನೆಗೆ ಅವಳೇ ಬಾಯಿಬಿಟ್ಟಳು. "ಅಮ್ಮಾ, ಕಬಡ್ಡಿ ಪಂದ್ಯಗಳಿಗೆ ಕನ್ನಡದಲ್ಲಿ ಕಾಮೆಂಟ್ರಿ ಹೇಳೋ ಕೆಲಸ ಸಿಕ್ಕಿದೆ. ಇಂಜಿನಿಯರ್ ಆಗಲ್ಲ. ನೀನು ಹೂಂ ಅಂದ್ರೆ ಮಾತ್ರ ಒಪ್ಕೋತೀನಿ."

"ರೋಬೋಟ್ ಕಲಿತು ಕಬಡ್ಡಿಯಾ?"

"ರೋಬೋಟ್ ಸ್ಪರ್ಧೇಲೂ ನಾನು ಮಾಡ್ತಿದ್ದಿದ್ದು ಕಾಮೆಂಟ್ರೀನೇ. ಭಾನುವಾರ ಸ್ಪರ್ಧೆ ಇದೆ, ಬಂದು ಕೇಳು, ಆಮೇಲೆ ಹೇಳು."

ಇಂಜಿನಿಯರಿಂಗ್ ಸೀಟಿಗೆಂದು ಗಣಪತಿಗೆ ಬೆಣ್ಣೆ ಅಲಂಕಾರ ಮಾಡಿಸಿದವಳು ನಾನು. ಈಗ ಅವನಿಗೆ ಏನೆಂದು ಹೇಳಲಿ? "ಬೇಡ" ಅನ್ನಲೆಂದೇ ಯಜಮಾನರನ್ನೂ ಕರೆದುಕೊಂಡು ಹೋದೆ. ಅಲ್ಲಿ ಪುಟ್ಟ ಗಾಡಿಯಂಥ ರೋಬೋಟು ಚೆಂಡು ಎತ್ತುವುದು, ಬೀಳಿಸುವುದು. ಮೈಕಿನಲ್ಲಿ ನಮ್ಮವಳು: "ಕೈಗೆ ಕೊಟ್ಟಿದ್ದನ್ನೂ ಕೆಳಗೆ ಹಾಕ್ತೀರಲ್ರೀ! ಕಣ್ಣೇನು ಅಟ್ಟದ ಮೇಲಿಟ್ಟಿದ್ದೀರಾ? ಬಾಗಿಲಲ್ಲೇ ನಿಂತ್ರೆ ಬೇರೆಯವ್ರಿಗೆ ದಾರಿ ಬೇಡ್ವಾ?" ಜನ ಬಿದ್ದು ಬಿದ್ದು ನಗುತ್ತಿದ್ದರು. ನಾನು ನಗಲಿಲ್ಲ. ಅವೆಲ್ಲ ನಾನು ಇವರಿಗೆ ದಿನಾ ಹೇಳುವ ಮಾತು. ಒಂದಕ್ಷರ ಬಿಡದೆ, ನನ್ನದೇ ರಾಗದಲ್ಲಿ! ಇವರಂತೂ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದರು. ಮನೆಯಲ್ಲಿ ಆ ಮಾತಿಗೆ ಒಂದು ದಿನವಾದರೂ ನಕ್ಕವರಲ್ಲ. ಮುಂದಿನ ಸಾಲಿನ ಹೆಂಗಸು ತಿರುಗಿ, "ಯಾರ ಮಗಳ್ರೀ ಅದು, ಎಂಥಾ ಬಾಯಿ!" ಅಂದರು. "ಇವರ ಮಗಳು" ಎಂದು ಯಜಮಾನರನ್ನು ತೋರಿಸಿದೆ.

ಹೊರಗೆ ಬಂದು "ಹೂಂ" ಅಂದೆ. ಕೆಟ್ಟ ಸಹವಾಸವಿಲ್ಲ, ಸುಳ್ಳಿಲ್ಲ, ನನ್ನ ಬಾಯಿಗೂ ಎಲ್ಲೋ ಒಂದು ಕಡೆ ಚಪ್ಪಾಳೆ ಸಿಕ್ಕಿತು. ದೇವರು ಇಷ್ಟು ಕೊಟ್ಟದ್ದೇ ಹೆಚ್ಚು. ಆದರೆ ಈಚೆಗೆ ಯಜಮಾನರ ಕೈಯಿಂದ ಕಾಫಿ ಲೋಟ ಜಾರುವುದು ಜಾಸ್ತಿಯಾಗಿದೆ. ಚೆಲ್ಲಿ, ಒರೆಸದೆ, ನನ್ನ ಮುಖ ನೋಡುತ್ತಾ ನಿಲ್ಲುತ್ತಾರೆ. ಪಕ್ಕದಲ್ಲೇ ಮಗಳು ಕಿವಿ ನೆಟ್ಟಗೆ ಮಾಡಿಕೊಂಡು ಕೂತಿರುತ್ತಾಳೆ. ಬೇಕೆಂದೇ ಚೆಲ್ಲುತ್ತಾರೆ ಎಂದು ನನಗೆ ಗೊತ್ತು. ಗೊತ್ತಿದ್ದರೇನು, ಈ ಬಾಯಿ ಸುಮ್ಮನಿರಬೇಕಲ್ಲ!