ಅಳಿಯಂದಿರ ಗರಗರ ಡಬ್ಬಿಗಳು

"ಗೊತ್ತಿಲ್ಲ" ಎಂಬ ಮಾತು ನನ್ನ ಬಾಯಿಗೆ ಬರುವುದಿಲ್ಲ. ಇದನ್ನು ಜಂಬ ಅಂದುಕೊಳ್ಳಬೇಡಿ, ಒಂದು ಥರದ ಕಾಯಿಲೆ ಅಂದುಕೊಳ್ಳಿ. ಬದನೆಕಾಯಿ ತಿಂದರೆ ಕೆಲವರಿಗೆ ಮೈ ಕಡಿಯುತ್ತದಲ್ಲ, ಹಾಗೆ ಆ ಮಾತು ಆಡಿದರೆ ನನಗೆ ಗಂಟಲು ಕಡಿಯುತ್ತದೆ. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಬಿಟ್ಟೆ ಅನ್ನುವುದಕ್ಕಿಂತ ಸ್ಕೂಲು ಮತ್ತು ನಾನು ಪರಸ್ಪರ ಮಾತಾಡಿಕೊಂಡು ಬೇರೆಯಾದೆವು ಅಂದರೆ ಸರಿಹೋದೀತು. ಓದಿದವರಿಗೆ ಒಂದು ಅನುಕೂಲವಿದೆ. ಅವರು "ಗೊತ್ತಿಲ್ಲ" ಅಂದರೆ ಜನ "ಎಂಥ ವಿನಯ!" ಅನ್ನುತ್ತಾರೆ. ನಾನು ಅಂದರೆ "ಪಾಪ, ಓದಿಲ್ವಲ್ಲ" ಅನ್ನುತ್ತಾರೆ. ಆ ಒಂದು "ಪಾಪ"ದಿಂದ ತಪ್ಪಿಸಿಕೊಳ್ಳಲು ನಾನು ಈ ವಯಸ್ಸಿನವರೆಗೂ ಎಲ್ಲವನ್ನೂ ತಿಳಿದುಕೊಂಡೇ ಬದುಕಿದ್ದೇನೆ.

ಸೂಲಿಬೆಲೆಯಲ್ಲಿ ನನ್ನದೊಂದು ಅಂಗಡಿ ಇದೆ. ಮುಂದುಗಡೆ ರಿಪೇರಿ, ಹಿಂದುಗಡೆ ಬಾಡಿಗೆಗೆ ಕೊಡುವ ಸೌಂಡ್ ಸೆಟ್ಟು. ರೇಡಿಯೋ ಕಾಲದಿಂದ ಸೋಲ್ಡರಿಂಗ್ ಕಡ್ಡಿ ಹಿಡಿದ ಕೈ ಇದು. ಟೇಪ್ ರೆಕಾರ್ಡರು ಬಂತು, ಹೋಯಿತು, ಸಿ.ಡಿ. ಬಂತು, ಹೋಯಿತು, ಆಮೇಲೆ ದೇವನಹಳ್ಳಿಗೆ ಏರ್‌ಪೋರ್ಟು ಬಂತು, ಅದು ಮಾತ್ರ ಹೋಗಲಿಲ್ಲ. ಈಗ ನಮ್ಮ ಕಡೆ ಮದುವೆಗಳಲ್ಲಿ ವಿಮಾನ ತಲೆಮೇಲೆ ಬಂದರೆ ಪುರೋಹಿತರು ಮಂತ್ರ ನಿಲ್ಲಿಸಿ, ಅದು ದಾಟಿದ ಮೇಲೆ ಮುಂದುವರಿಸುತ್ತಾರೆ. ಆದರೂ ಮಂತ್ರದ ಒಂದಕ್ಷರ ಕೂಡ ಕೊನೇ ಸಾಲಿನ ಅಜ್ಜಿಗೆ ತಪ್ಪಬಾರದು ಅನ್ನುವುದು ನನ್ನ ಪಣ. ನನ್ನ ಸೆಟ್ಟಿನಲ್ಲಿ ಗರಗರ ಇರುವುದಿಲ್ಲ, ಕುಯ್ ಅನ್ನುವುದಿಲ್ಲ, ಬಿರುಕು ದನಿ ಬರುವುದಿಲ್ಲ. ಮೈಕುಗಳ ಶಬ್ದವನ್ನೆಲ್ಲ ಹದ ಮಾಡುವ ಮಿಕ್ಸರಿನಲ್ಲಿ ಶಬ್ದ ಮಿತಿ ಮೀರಿ ಒಡೆಯತೊಡಗಿದರೆ ಒಂದು ಕೆಂಪು ದೀಪ ಹತ್ತುತ್ತದೆ. ಬೇರೆಯವರ ಮಿಕ್ಸರಿನಲ್ಲಿ ಅದು ದೀಪಾವಳಿ ಮಾಡುತ್ತಿರುತ್ತದೆ. ನನ್ನದರಲ್ಲಿ ಅದು ಹತ್ತುತ್ತದೋ ಇಲ್ಲವೋ ಎನ್ನುವುದೇ ನನಗೆ ಅನುಮಾನವಿತ್ತು, ನಾನು ನೋಡಿರಲಿಲ್ಲ.

ಇಂಥವನಿಗೆ ಸಿಕ್ಕ ಅಳಿಯ ಮಂಜುನಾಥ. ಹೊಸಕೋಟೆಯವನು. ಏರ್‌ಪೋರ್ಟಿನಲ್ಲಿ ಪ್ರಯಾಣಿಕರ ಲಗೇಜು ಸಾಗುವ ಬೆಲ್ಟುಗಳನ್ನು ನೋಡಿಕೊಳ್ಳುವ ಕೆಲಸ. ಬಂಗಾರದಂಥ ಹುಡುಗ. ಹೆಣ್ಣು ಕೊಡುವ ಮುಂಚೆ ಕುಡಿತ ಇದೆಯಾ, ಇಸ್ಪೀಟು ಇದೆಯಾ ಎಂದು ನಾಲ್ಕು ಕಡೆ ವಿಚಾರಿಸಿದ್ದೆವು. ಗಿಟಾರ್ ಇದೆಯಾ ಎಂದು ಕೇಳಲು ನಮಗ್ಯಾರಿಗೂ ಹೊಳೆಯಲಿಲ್ಲ. ಇತ್ತು. ಅದೂ ಕರೆಂಟಿನ ಗಿಟಾರು. ರಜೆಯಲ್ಲಿ ಗೆಳೆಯರ ಆರ್ಕೆಸ್ಟ್ರಾದಲ್ಲಿ ಬಾರಿಸುತ್ತಾನೆ. ಅದಿರಲಿ, ಹುಡುಗನ ದೊಡ್ಡ ಗುಣವೆಂದರೆ "ನಮ್ ಮಾವ ಮುಟ್ಟಿದ್ರೆ ರಿಪೇರಿ ಆಗದ ವಸ್ತು ಇಲ್ಲ" ಎಂದು ಏರ್‌ಪೋರ್ಟಿನ ತುಂಬ ಹೇಳಿಕೊಂಡು ಬಂದಿದ್ದ. ಹೊಸ ಟಿ.ವಿ.ಯ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ತೆಗೆಯದೆ ಕಾಪಾಡುತ್ತಾರಲ್ಲ, ಅಳಿಯನ ಆ ಅಭಿಪ್ರಾಯವನ್ನು ನಾನು ಹಾಗೆ ಕಾಪಾಡುತ್ತಿದ್ದೆ. ಅದೊಂದು ಹರಿಯದಿದ್ದರೆ ಸಾಕಿತ್ತು.

ಆಯುಧಪೂಜೆಗೆ ನಾಲ್ಕು ದಿನ ಇರುವಾಗ ಮಂಜುನಾಥ ಅಂಗಡಿಗೆ ಬಂದು ಮೇಜಿನ ಮೇಲೆ ನಾಲ್ಕು ಕಬ್ಬಿಣದ ಡಬ್ಬಿಗಳನ್ನಿಟ್ಟ. ಬಿಳಿ, ಹಸಿರು, ಕಿತ್ತಳೆ, ಕೆಂಪು. ಒಂದೊಂದೂ ಅರ್ಧ ಇಟ್ಟಿಗೆಯಷ್ಟು. ಮೇಲೆ ಎರಡು ಮೂರು ತಿರುಗಣೆ, ಕಾಲಿನಲ್ಲಿ ಒತ್ತುವ ಒಂದು ಸ್ವಿಚ್ಚು.

"ಮಾವ, ಇವು ಗಿಟಾರಿಂದು ಗೇನ್ ಪೆಡಲ್‌ಗಳು. ಕಿತ್ತಳೆದು ಬಿಟ್ಟು ಬಿಟ್ಟು ಕೇಳಿಸ್ತಿದೆ, ಒಂಚೂರು ನೋಡ್ತೀರಾ? ಆಯುಧಪೂಜೆ ದಿವ್ಸ ಪಿಲ್ಲಗುಂಪೆ ಫ್ಯಾಕ್ಟರೀಲಿ ನಮ್ ಪ್ರೋಗ್ರಾಮು. ಅಲ್ಲಿ ಸೌಂಡು ನಿಮ್ದೇ ಅಂತಲ್ಲ!"

"ನಂದೇ."

"ಬಿಳಿದು ಬೂಸ್ಟು, ಹಸಿರು ಓವರ್‌ಡ್ರೈವು, ಈ ಕಿತ್ತಳೆ ಡಿಸ್ಟಾರ್ಷನ್ನು, ಕೆಂಪು ಫಝ್ಝು. ಒಂದೊಂದರ ಕೆಲ್ಸ ಏನಪ್ಪಾ ಅಂದ್ರೆ ಮಾವ..."

"ಅಳಿಯಂದ್ರೇ," ಎಂದೆ ನಾನು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, "ಮೀನಿನ ಮರಿಗೆ ಈಜು ಹೇಳ್ಕೊಡ್ತೀರಾ? ಇಟ್ಟೋಗಿ."

ಹುಡುಗ ನಾಲಿಗೆ ಕಚ್ಚಿಕೊಂಡು ಇಟ್ಟುಹೋದ. ಇನ್ನೆರಡು ನಿಮಿಷ ಅವನನ್ನು ಮಾತಾಡಲು ಬಿಟ್ಟಿದ್ದರೆ ಈ ಪ್ರಬಂಧ ಬರೆಯುವ ಕರ್ಮ ನನಗೆ ಬರುತ್ತಿರಲಿಲ್ಲ.

ಕಿತ್ತಳೆ ಡಬ್ಬಿಯ ರೋಗ ಐದು ನಿಮಿಷದ್ದು. ವೈರು ಚುಚ್ಚುವ ಜಾಗದಲ್ಲಿ ಬೆಸುಗೆ ಬಿಟ್ಟಿತ್ತು, ಹಾಕಿದೆ. ಪರೀಕ್ಷೆ ಮಾಡಲು ನನ್ನ ಹತ್ತಿರ ಗಿಟಾರು ಎಲ್ಲಿಂದ ಬರಬೇಕು? ಮೈಕು ಚುಚ್ಚಿ, ಸ್ವಿಚ್ಚು ಒತ್ತಿ, "ಹಲೋ ಹಲೋ, ಮೈಕ್ ಟೆಸ್ಟಿಂಗ್" ಎಂದೆ. ಸ್ಪೀಕರಿನಿಂದ ಬಂದ ದನಿ ಕೇಳಿ ನಾನೇ ಹಿಂದೆ ತಿರುಗಿ ನೋಡಿದೆ. ಮೊಳೆ ತುಂಬಿದ ಡಬ್ಬದೊಳಗೆ ತಲೆ ಹಾಕಿ ಯಾರೋ ಬೈಯುತ್ತಿರುವ ಹಾಗಿತ್ತು. ಅನುಮಾನ ಬಂದು ಹಸಿರು ಡಬ್ಬಿ ನೋಡಿದೆ. ಅದರಲ್ಲಿ ಮೂರು ದಿನ ಸೋಬಾನೆ ಹಾಡಿದವರ ಗಂಟಲು. ಕೆಂಪಿನಲ್ಲಿ ಮನುಷ್ಯನ ದನಿಯೇ ಇಲ್ಲ. ಹಿತ್ತಾಳೆ ಚೊಂಬಿನಲ್ಲಿ ಕಡಜ ಬಿದ್ದು ಗುಂಯ್‌ಗುಡುತ್ತಿತ್ತು. ಬಿಳಿಯದೊಂದೇ ನೆಟ್ಟಗಿತ್ತು, ನನ್ನ ದನಿಯನ್ನೇ ದೊಡ್ಡದು ಮಾಡಿ ವಾಪಸ್ಸು ಕೊಟ್ಟಿತು. ಅಯ್ಯೋ ಪಾಪ, ಹುಡುಗ ಒಂದು ಹಲ್ಲು ನೋವು ಅಂತ ಬಂದಿದ್ದಾನೆ, ಬಾಯಿ ತುಂಬ ಹುಳುಕು!

ಮಾವನಾದವನು ಒಂದು ಹಲ್ಲು ಮಾತ್ರ ನೋಡಿ ಕಳಿಸುವುದೇ? ಮೂರನ್ನೂ ಬಿಚ್ಚಿದೆ. ಕಿತ್ತಳೆಯಲ್ಲಿ ಶಬ್ದ ಹೋಗುವ ದಾರಿಗೆ ಅಡ್ಡಲಾಗಿ ಎರಡು ಸಣ್ಣ ಡಯೋಡುಗಳು ಕೂತು, ಬಂದ ಶಬ್ದದ ತಲೆ ಕತ್ತರಿಸಿ ನೆಲಕ್ಕೆ ಇಳಿಸುತ್ತಿದ್ದವು. ಹಸಿರಿನಲ್ಲೂ ಅಂಥವೇ ಎರಡು, ಸ್ವಲ್ಪ ಮರ್ಯಾದಸ್ಥರ ಹಾಗೆ ಪಕ್ಕದ ಸಂದಿಯಲ್ಲಿ ಕೂತಿದ್ದವು. ಮಾಡಿದವನು ಯಾವನೋ ಅರೆಬರೆ ಕಲಿತವನೇ ಇರಬೇಕು ಎಂದು ಬೈದುಕೊಂಡು ನಾಲ್ಕನ್ನೂ ಕಿತ್ತೆ. ಕೆಂಪಿನಲ್ಲಿ ಎರಡು ಟ್ರಾನ್ಸಿಸ್ಟರುಗಳಿಗೆ ಹುಚ್ಚು ಹಿಡಿಯುವಷ್ಟು ಕೆಲಸ ಕೊಟ್ಟಿದ್ದರು; ರೆಸಿಸ್ಟರು ಬದಲಾಯಿಸಿ ಅವಕ್ಕೆ ಬುದ್ಧಿ ಬರಿಸಿದೆ. ಮತ್ತೆ "ಹಲೋ ಹಲೋ." ಆಹಾ! ಮೂರರಲ್ಲೂ ಎಳನೀರಿನಂಥ ದನಿ. ಹಬ್ಬದ ಬೆಳಿಗ್ಗೆ ನನ್ನ ಹೆಂಡತಿ ಜಯಮ್ಮ ಮೀಟರು, ಸೋಲ್ಡರಿಂಗ್ ಕಡ್ಡಿಗಳ ಜೊತೆ ಆ ನಾಲ್ಕು ಡಬ್ಬಿಗಳನ್ನೂ ಸಾಲಾಗಿಟ್ಟು, ಕುಂಕುಮ ಹಚ್ಚಿ, ಸೇವಂತಿಗೆ ಮುಡಿಸಿ ಆರತಿ ಎತ್ತಿದಳು.

ಪಿಲ್ಲಗುಂಪೆಯ ಫ್ಯಾಕ್ಟರಿ ಅಂಗಳದಲ್ಲಿ ಹನ್ನೊಂದು ಗಂಟೆಗೆ ಕಾರ್ಯಕ್ರಮ. ಬೂದುಗುಂಬಳ ಒಡೆದಾಗಿತ್ತು, ಲೇತ್ ಮಿಷನ್ನುಗಳಿಗೆಲ್ಲ ಬಾಳೆಕಂದು ಕಟ್ಟಿದ್ದರು, ಪ್ರತಿಯೊಬ್ಬರ ಕೈಯಲ್ಲೂ ಕಡಲೆಪುರಿ ಪೊಟ್ಟಣ. ಮಂಜುನಾಥ ಪಾಳಿ ಮುಗಿಸಿ ಏರ್‌ಪೋರ್ಟಿನಿಂದ ನೇರ ಬಂದಿದ್ದ. ಬರುವುದಕ್ಕೂ ಇವರ ಸರದಿ ಕೂಗುವುದಕ್ಕೂ ಸರಿಹೋಯಿತು. "ಹೆಂಗಿದೆ ಮಾವ?" ಎಂದ, ಡಬ್ಬಿಗಳ ಕುಂಕುಮ ಒರೆಸದೆ ವೈರು ಚುಚ್ಚುತ್ತ. "ಒಂದ್ ಹೇಳಿದ್ರಿ, ಮೂರು ಸರಿಮಾಡಿದೀನಿ. ನೋಡ್ತಾ ಇರಿ" ಎಂದೆ. "ಮಾವ ಅಂದ್ರೆ ಮಾವ!" ಎಂದು ವೇದಿಕೆ ಹತ್ತಿದ. ನಾನು ಮಿಕ್ಸರಿನ ಮುಂದೆ ಪದ್ಮಾಸನ ಹಾಕಿ ಕೂತೆ.

ಹಾಡು ಶುರುವಾಯಿತು. ಮಧ್ಯದಲ್ಲಿ ಗಿಟಾರ್ ಒಂದೇ ಬಾರಿಸುವ ಜಾಗ ಬರುತ್ತದಂತೆ. ಅಳಿಯ ಮುಂದೆ ಬಂದ, ಕಾಲು ಅಗಲಿಸಿ ನಿಂತ, ಕೂದಲು ಒದರಿದ, ಮುಖವನ್ನು ಹುಲಿಯ ಹಾಗೆ ಮಾಡಿಕೊಂಡು ಕಿತ್ತಳೆ ಡಬ್ಬಿಯನ್ನು ತುಳಿದ. ಬಂದ ಶಬ್ದ ದೊಡ್ಡದಾಗಿತ್ತು, ಸ್ವಚ್ಛವಾಗಿತ್ತು, ಶಿಶುವಿಹಾರದ ಪ್ರಾರ್ಥನೆಗೆ ಹೇಳಿ ಮಾಡಿಸಿದ ಹಾಗಿತ್ತು. ಮುಖ ಹುಲಿಯದು, ದನಿ ಕುರಿಮರಿಯದು. ಮುಂದಿನ ಸಾಲಿನ ಹುಡುಗರು ನಕ್ಕರು. "ಏನ್ ಗುರು, ಲಾಲಿ ಹಾಡಾ?" ಎಂದು ಒಬ್ಬ ಕೂಗಿದ. ಅಳಿಯ ಹಸಿರು ತುಳಿದ, ಲಾಲಿ. ಕೆಂಪು ತುಳಿದ, ಇನ್ನೂ ಇಂಪಾದ ಲಾಲಿ. ಬಾರಿಸುತ್ತಲೇ ತಲೆಯೆತ್ತಿ ನನ್ನ ಕಡೆ ನೋಡಿದ. ಆ ನೋಟದಲ್ಲಿ ಬೈಗುಳ ಇರಲಿಲ್ಲ. "ಮಾವ, ಏನೋ ಆಗೋಗಿದೆ, ನೀವಿದೀರಲ್ಲ" ಎಂಬ ನಂಬಿಕೆ ಇತ್ತು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ನನ್ನ ತಲೆಯಲ್ಲಿ ಆಗ ಟ್ಯೂಬ್‌ಲೈಟು ಹತ್ತಿತು. ಹುಡುಗನಿಗೆ ಬೇಕಾಗಿದ್ದದ್ದೇ ಆ ಗರಗರ! ನಾನು ಜೀವಮಾನವಿಡೀ ಓಡಿಸಿದ ಪೀಡೆಯನ್ನು ಜನ ಡಬ್ಬಿಯಲ್ಲಿ ತುಂಬಿ ಮಾರುತ್ತಾರೆ, ನನ್ನ ಅಳಿಯ ಅದನ್ನು ಬಣ್ಣಬಣ್ಣದಲ್ಲಿ ಕೊಂಡಿದ್ದಾನೆ, ನಾನು ಅದನ್ನು ಗುಣಪಡಿಸಿದ್ದೇನೆ. ಕಿತ್ತ ಡಯೋಡುಗಳು ಸೂಲಿಬೆಲೆಯಲ್ಲಿವೆ. ಇಲ್ಲಿರುವುದು ನಾನು, ಮಿಕ್ಸರು, ಕಾಲು ನಿಮಿಷದ ಸಮಯ. ಮಿಕ್ಸರಿನಲ್ಲಿ ಗಿಟಾರಿಗೆಂದು ಇದ್ದ ತಿರುಗಣೆಗಳ ಸಾಲಿನಲ್ಲಿ ಎಲ್ಲಕ್ಕಿಂತ ಮೇಲಿನದರ ಹೆಸರು ನೋಡಿದೆ. ಗೇನ್! ಇಷ್ಟು ವರ್ಷ ದೇವರ ದೀಪದ ಬತ್ತಿಯ ಹಾಗೆ ಕೂದಲೆಳೆಯಷ್ಟೇ ತಿರುಗಿಸುತ್ತಿದ್ದ ಅದನ್ನು ಕಣ್ಣು ಮುಚ್ಚಿ ಕೊನೆಯವರೆಗೆ ತಿರುಗಿಸಿದೆ. ಜನರ ಕಿವಿ ಹೋಗದಿರಲೆಂದು ಕೆಳಗಿನ ವಾಲ್ಯೂಮು ಎಳೆದು ಇಳಿಸಿದೆ. ಕೆಂಪು ದೀಪ ಹತ್ತಿತು. ಹತ್ತಿದ್ದು ಆರಲೇ ಇಲ್ಲ. ಸ್ಪೀಕರಿನಿಂದ ಎಂಥ ಗರ್ಜನೆ ಹೊರಟಿತು ಅಂತೀರಿ! ಶಿವಗಂಗೆ ಬೆಟ್ಟಕ್ಕೆ ಸೈಲೆನ್ಸರ್ ಇಲ್ಲದ ಲಾರಿ ಹತ್ತಿದ ಹಾಗೆ. ಲಾಲಿ ಎಂದವನೇ ಮೊದಲು ಕುರ್ಚಿ ಮೇಲೆ ಹತ್ತಿ ಕುಣಿದ. ಕಡಲೆಪುರಿ ಮಳೆಯಾಯಿತು. ನನಗೂ ಏನಾಯಿತೋ, ಪದ್ಮಾಸನ ಬಿಚ್ಚಿ ತೊಡೆ ತಟ್ಟುತ್ತಿದ್ದೆ.

ಇಳಿದು ಬಂದ ಅಳಿಯ ನನ್ನ ಪಕ್ಕ ನಿಂತಿರುವಾಗಲೇ ಫ್ಯಾಕ್ಟರಿಯ ಸೂಪರ್‌ವೈಸರು ಬಂದರು. "ಹುಡ್ಗ ಚೆನ್ನಾಗಿ ಬಾರಿಸ್ದ. ಆದ್ರೆ ನಿಮ್ ಸೆಟ್ಟು ಯಾಕಣ್ಣ ಹಂಗೆ ಗರಗರ ಅಂತು? ಹಳೇದಾಯ್ತಾ?" ಎಂದರು. ಇಷ್ಟು ವರ್ಷದಲ್ಲಿ ಯಾರೂ ಆಡದ ಮಾತು. ತಪ್ಪನ್ನು ಡಬ್ಬಿಯ ಮೇಲೆ ಹಾಕಿದರೆ ಹೋಗುವುದು ಅಳಿಯನ ಮರ್ಯಾದೆ, ನನ್ನ ಮೇಲೆ ಹಾಕಿಕೊಂಡರೆ ನನ್ನದು. "ಹೂಂ ಸಾರ್, ಹಳೇದಾಯ್ತು" ಎಂದೆ. ಅವರು "ಪಾಪ" ಎಂದು ಹೋದರು. ನೋಡಿ, ಎಲ್ಲಿಂದ ಓಡಿದೆನೋ ಅಲ್ಲಿಗೇ ಬಂದು ಬಿದ್ದೆ.

ಗಾಡಿಯಲ್ಲಿ ಸೆಟ್ಟು ಹೇರಿಕೊಂಡು ಬರುವಾಗ ಮಂಜುನಾಥ ಕೇಳಿದ. "ಮಾವ, ಪೆಡಲ್‌ಗೆ ಏನಾಗಿತ್ತು?"

ದಾರಿಯಲ್ಲಿ ಎರಡು ಹಳ್ಳಿ ದಾಟಿದವು. ಮೂರನೆಯದರ ಹತ್ತಿರ ನನ್ನ ಗಂಟಲು ಕಡಿಯಲು ಶುರುವಾಯಿತು. "ಗರಗರ ಅಂತಿತ್ತು, ಡಯೋಡ್ ಕಿತ್ತು ಸರಿಮಾಡ್ದೆ" ಎಂದೆ. "ಅದು ಹಂಗೇ ಇರ್ಬೇಕು ಅಂತ ನಂಗೆ ಗೊತ್ತಿರ್ಲಿಲ್ಲ, ಅಳಿಯಂದ್ರೇ."

ಅವನು ನನ್ನನ್ನೇ ನೋಡಿದ. ಆಮೇಲೆ ನಗಲು ಶುರುಮಾಡಿದವನು ಗಾಡಿಯನ್ನು ಪಕ್ಕಕ್ಕೆ ಹಾಕಿ ಸ್ಟಿಯರಿಂಗಿಗೆ ಹಣೆ ಒತ್ತಿ ನಕ್ಕ. "ಮಾವ, ಡಯೋಡ್ ಕಿತ್ತು ಮೂರನ್ನೂ ಕ್ಲೀನ್ ಮಾಡೋದು ಸುಮ್ನೆ ಅಲ್ಲ ಮಾವ! ಮಿಕ್ಸರನ್ನೇ ಪೆಡಲ್ ಮಾಡಿದ್ರಲ್ಲ, ಅದು ಯಾರಿಗ್ ಬರುತ್ತೆ!" ಎಂದ. ಪ್ಲಾಸ್ಟಿಕ್ ಹಾಳೆ ಹರಿದಿತ್ತು, ಆದರೆ ಟಿ.ವಿ.ಗೆ ಏನೂ ಆಗಿರಲಿಲ್ಲ.

ಊಟವಾದ ಮೇಲೆ ಡಯೋಡುಗಳನ್ನೂ ಹಳೆಯ ರೆಸಿಸ್ಟರನ್ನೂ ಮತ್ತೆ ಕೂಡಿಸಿ, ನಡುಮನೆಯಲ್ಲಿ ಅಳಿಯನಿಂದ ಪಾಠ ಹೇಳಿಸಿಕೊಂಡೆ. ಅವನು ಬಾರಿಸುತ್ತ ಹೋದ, ನಾನು ಕಾಲಿನಲ್ಲಿ ತುಳಿಯುತ್ತ ಹೋದೆ. ತುಳಿದಷ್ಟೂ ಹುಚ್ಚು ಹಿಡಿಯಿತು. ಎಲ್ಲ ಅರ್ಥವಾಗಿ ಹೋಯಿತು! ಜಯಮ್ಮನನ್ನು ಕೂಗಿ ಕೂರಿಸಿ, ಸೇರು ತರಿಸಿ, ರಾಗಿ ಸುರಿದು ವಿವರಿಸಿದೆ. "ನೋಡು, ಸೇರಿಗೆ ರಾಗಿ ಇನ್ನಷ್ಟು ಹಾಕೋದು ಬೂಸ್ಟು, ಅಷ್ಟೇ. ತುಂಬಿ ಗೋಪುರ ಬಂದದ್ದನ್ನ ಅಂಗೈಯಲ್ಲಿ ಮೆತ್ತಗೆ ಸವರಿದ್ರೆ ಓವರ್‌ಡ್ರೈವು, ಮೇಲೆ ಇನ್ನೂ ದುಂಡಗೇ ಇರುತ್ತೆ. ಕಡ್ಡೀಲಿ ಸರಕ್ ಅಂತ ಮಟ್ಟ ಹೊಡೆದ್ರೆ ಡಿಸ್ಟಾರ್ಷನ್ನು. ಇನ್ನು ಫಝ್ಝು ಅಂದ್ರೆ ಸೇರಿಗೆ ಮೂಟೇನೇ ತುರುಕಿ, ನಾಲ್ಕು ಕಡೆ ಕಡಿದು ಇಟ್ಟಿಗೆ ಮಾಡಿದ ಹಾಗೆ." ನಡುಮನೆಯ ತುಂಬ ರಾಗಿ ಚೆಲ್ಲಿತ್ತು. ಮಗಳು ಶೋಭಾ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಿದಳು.

ಜಯಮ್ಮ ರಾಗಿಯನ್ನೂ ನನ್ನನ್ನೂ ಒಂದೇ ಥರ ನೋಡಿದಳು. "ಇಷ್ಟಕ್ಕೆ ಸೇರು ಯಾಕ್ರೀ?" ಎಂದು ಎದ್ದು ಬಂದು ತಾನೇ ಒಂದೊಂದು ಡಬ್ಬಿಯನ್ನೂ ಕಾಲಿನಲ್ಲಿ ತುಳಿದಳು. "ಅಳಿಯಂದ್ರೇ, ಸರೀನಾ ನೋಡಿ. ಈ ಬಿಳಿದು ನಿಮ್ ಮಾವ ಬಚ್ಚಲಿಂದ ಟವಲ್ ಕೇಳೋದು. ಹಸಿರು, ಟವಲ್ ತಡ ಆದಾಗ ಕೇಳೋದು. ಕಿತ್ತಳೆ, ತಂದ ಟವಲ್ಲು ಒದ್ದೆ ಇದ್ದಾಗ."

"ಕೆಂಪಿದು ಅತ್ತೆ?"

"ಅದು ಟವಲ್ ಮೊದ್ಲಿಂದ್ಲೂ ತಮ್ಮ ಹೆಗಲ ಮೇಲೇ ಇತ್ತು ಅಂತ ಗೊತ್ತಾದ್ಮೇಲೆ."

ಅಳಿಯ ಗಿಟಾರು ಕೆಳಗಿಟ್ಟು ಕೈಮುಗಿದ. "ಕರೆಕ್ಟು ಅತ್ತೆ. ಇಷ್ಟು ಚೆನ್ನಾಗಿ ನಂಗೂ ಯಾರೂ ಹೇಳ್ಕೊಟ್ಟಿರ್ಲಿಲ್ಲ" ಎಂದ. ನಾಲ್ಕು ಡಬ್ಬಿಗಳನ್ನು ಅರ್ಥ ಮಾಡಿಕೊಳ್ಳಲು ನಾನು ಅಳಿಯನ ಪೆಡಲುಗಳನ್ನು ಬಿಚ್ಚಿ, ಮಿಕ್ಸರಿನ ಮಾನ ಬಲಿಕೊಟ್ಟು, ಅರ್ಧ ಮೂಟೆ ರಾಗಿ ಚೆಲ್ಲಬೇಕಾಯಿತು. ಅವಳಿಗೆ ಒಬ್ಬ ಗಂಡ ಸಾಕಾಯಿತು.